ಐದು ನಿಮಿಷದ ಉಪಕಾರ

ದೋಣಿ ದಡ ಮುಟ್ಟುವ ಮೊದಲೇ ನಾನು ಎದ್ದು ನಿಂತಿದ್ದೆ.

"ಕೂತ್ಕೋ ಮಾರಾಯ್ತಿ, ನೀರಿಗೆ ಬಿದ್ರೆ ಎತ್ತೋಕೆ ನನ್ನ ಸೊಂಟ ಬಗ್ಗಲ್ಲ," ಎಂದ ಒಡ್ವಾರ್, ಚುಕ್ಕಾಣಿ ಹಿಡಿದುಕೊಂಡೇ.

"ನೀನು ದೋಣಿ ಓಡಿಸು. ಬಾಯಿ ಆಮೇಲೆ ಓಡಿಸುವಿಯಂತೆ."

ಅವನಿಗೆ ನನ್ನ ಬಾಯಿ ಅಭ್ಯಾಸವಾಗಿದೆ. ದ್ವೀಪದಲ್ಲಿ ಉಳಿದಿರುವ ಕೆಲವೇ ಮನೆಗಳಲ್ಲಿ ಅವನದು ನನ್ನ ಪಕ್ಕದ್ದು. ನಮ್ಮಲ್ಲಿ ಕಾರು ಓಡುವಂಥ ರಸ್ತೆಯಿಲ್ಲ. ಎಲ್ಲರ ಕಾರುಗಳೂ ನೀರಿನ ಈಚೆ, ಊರು-ರಸ್ತೆಗಳಿರುವ ದಡದ ಕಟ್ಟೆಯ ಮೇಲೆ ಸಾಲಾಗಿ ನಿಂತಿರುತ್ತವೆ. ಯಾರಾದರೂ ತಿಂಗಳಿಗೊಮ್ಮೆ ಓಡಿಸಿದರೆ ಅವುಗಳ ಪುಣ್ಯ. ಚಳಿಗಾಲದಲ್ಲಿ ಆ ಪುಣ್ಯವೂ ಇಲ್ಲ. ಬಿರುಗಾಳಿಯಲ್ಲಿ ದಾಟಿ ಬರುವವನು ಒಡ್ವಾರ್ ಒಬ್ಬನೇ, ವಾರಕ್ಕೊಮ್ಮೆ, ಎಲ್ಲರ ಟಪಾಲು ಸಾಮಾನು ಒಯ್ಯಲು.

ಅಂದು ಫೆಬ್ರವರಿಯ ಒಂದು ಶನಿವಾರ. ನನ್ನ ತಮ್ಮ ಐಲಿವ್ ಕುಡಿತ ಬಿಡಿಸುವ ಆಸ್ಪತ್ರೆಯಿಂದ ಹೊರಬರುವ ದಿನ. ಹಿಂದಿನ ವಾರ ಫೋನ್ ಮಾಡಿದ್ದ. ಏನನ್ನೂ ಬಾಯಿಬಿಟ್ಟು ಕೇಳುವ ಜಾತಿಯಲ್ಲ ಅವನು. ಆವತ್ತು ಕೇಳಿದ.

"ಅಕ್ಕಾ, ನನ್ನನ್ನ ಬಸ್ಸಲ್ಲಿ ಬಾ ಅನ್ಬೇಡ. ಪಟ್ಟಣದಲ್ಲಿ ಬಸ್ಸು ಬದಲಿಸ್ಬೇಕು. ನಿಲ್ದಾಣದ ಎದುರಿಗೇ ಅಂಗಡಿ."

ಯಾವ ಅಂಗಡಿ ಎಂದು ನಾನು ಕೇಳಲಿಲ್ಲ. ಸರ್ಕಾರದವರು ಹೆಂಡ ಮಾರುವ ಅಂಗಡಿ ಇಡೀ ತಾಲ್ಲೂಕಿಗೆ ಅದೊಂದೇ.

"ಶನಿವಾರ ಮೂರು ಗಂಟೆಗೆ ಬಾಗಿಲು ಹಾಕ್ತಾರೆ. ಭಾನುವಾರ ಹೇಗೂ ತೆಗೆಯಲ್ಲ. ಮೂರರವರೆಗೆ ನನ್ನನ್ನ ಹಿಡ್ಕೊಂಡಿರು, ಸಾಕು."

"ಕಾರು ತಗೊಂಡು ಗೇಟಲ್ಲೇ ನಿಂತಿರ್ತೀನಿ," ಎಂದೆ. ಅಂದಿನಿಂದ ಕೂತಲ್ಲಿ ಕೂರಲಾಗದೆ, ಹೆಣೆಯಲು ತೆಗೆದುಕೊಂಡ ಉಣ್ಣೆ ಬಿಚ್ಚಿ ಹೆಣೆದು, ಹೆಣೆದು ಬಿಚ್ಚಿ ಹಾಳುಮಾಡಿದೆ.

ಐಲಿವ್ ಹಡಗುಗಳಲ್ಲಿ ವಿದ್ಯುತ್ ಕೆಲಸ ಮಾಡುತ್ತಿದ್ದವನು. ಆಸ್ಪತ್ರೆಗೆ ಸೇರುವ ಮುನ್ನ ಅಂಗೈಯಗಲದ ಒಂದು ಚಾರ್ಜರ್ ತಂದು ನನ್ನ ಹಳೇ ಕೆಂಪು ಕಾರಿಗೆ ಜೋಡಿಸಿ, ಅದರ ತಂತಿಯನ್ನು ಕಟ್ಟೆಯ ಮೇಲಿನ ದೋಣಿಮನೆಯ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಹೋಗಿದ್ದ. "ಕಾರು ನಿಂತಿದ್ರೂ ಒಳಗಿನ ಗಡಿಯಾರ, ಬೀಗ, ಅದೂ ಇದೂ ಬ್ಯಾಟರಿ ತಿಂತಾನೇ ಇರುತ್ತೆ. ಕೂತು ತಿಂದ್ರೆ ಕುಡಿಕೆ ಹೊನ್ನೂ ಸಾಲದು. ಇದು ಚಿಟಿಕೆ ಚಿಟಿಕೆ ತುಂಬ್ತಾ ಇರುತ್ತೆ. ಮುಟ್ಬೇಡ, ಮರೆತುಬಿಡು," ಎಂದಿದ್ದ. ನಾನು ಮರೆಯುವವಳೇ? ಪ್ರತಿ ವಾರ ಒಡ್ವಾರನ ಜೀವ ತಿಂದೆ. ಕಾರು ಹೇಗಿದೆ, ಕಾರು ಹೇಗಿದೆ. "ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತಿದೀನಿ ಕಣೇ," ಎನ್ನುತ್ತಿದ್ದ.

ದಡಕ್ಕೆ ಹಾರಿ, ಹಿಮ ತುಳಿದುಕೊಂಡು ಓಡಿ, ಕಾರಿನ ಮೇಲಿನ ಹಿಮ ತೋಳಿನಲ್ಲೇ ಬಾಚಿ ಒಳಗೆ ಕೂತೆ. ಕೀಲಿ ತಿರುಗಿಸಿದೆ.

ಟಕ್.

ಇನ್ನೊಮ್ಮೆ ತಿರುಗಿಸಿದೆ. ಟಕ್ ಎನ್ನುವಷ್ಟೂ ಜೀವವಿರಲಿಲ್ಲ.

ಕೆಳಗಿಳಿದು ಚಾರ್ಜರಿನ ತಂತಿ ಹಿಡಿದು ಹೊರಟೆ. ಕಾರಿನಿಂದ ಹೊರಟು, ಹಿಮದಡಿ ನುಸುಳಿ, ದೋಣಿಮನೆಯ ಬಾಗಿಲ ಸಂದಿಯಿಂದ ಒಳಗೆ ಹೋಗಿ, ಬೆಂಚಿನ ಕೆಳಗೆ ಅನಾಥವಾಗಿ ಬಿದ್ದಿತ್ತು ಅದರ ತುದಿ. ಗೋಡೆಯಲ್ಲಿದ್ದ ಒಂದೇ ಒಂದು ಸಾಕೆಟ್ಟಿನಲ್ಲಿ ಕಾಫಿ ಯಂತ್ರದ ತಂತಿ ಕೂತಿತ್ತು.

"ಒಡ್ವಾರ್!"

ದೋಣಿ ಕಟ್ಟುತ್ತಿದ್ದವನು ಏದುಸಿರು ಬಿಡುತ್ತ ಬಂದ.

"ಏನಿದು?"

"ಕಾಫಿ ಯಂತ್ರ."

"ಅದು ನನಗೂ ಕಾಣ್ಸುತ್ತೆ! ನನ್ನ ತಂತಿ ಯಾಕೆ ನೆಲದ ಮೇಲಿದೆ?"

"ಅಯ್ಯೋ, ಇರೋದೊಂದೇ ತೂತು, ಗುಡ್ನಿ. ಈ ಚಳಿಯಲ್ಲಿ ದಾಟಿ ಬಂದವನು ಕಾಫಿ ಕುಡೀಬೇಡ್ವಾ? ಮೊದಮೊದಲು ವಾಪಸ್ ಚುಚ್ತಿದ್ದೆ. ಆಮೇಲೆ ಅನ್ನಿಸ್ತು, ಹೇಗೂ ನಾನೇ ವಾರವಾರ ಸ್ಟಾರ್ಟ್ ಮಾಡ್ತೀನಲ್ಲ, ಅದ್ಯಾಕೆ ಬೇಕು ಅಂತ."

"ಏನ್ ಮಾಡ್ತೀಯ?"

"ಸ್ಟಾರ್ಟ್. ಐದು ನಿಮಿಷ. ನಿಂದೊಂದೇ ಅಲ್ಲ, ಎಲ್ಲರದ್ದೂ!" ಅವನ ಮುಖದಲ್ಲಿ ಹೆಮ್ಮೆಯಿತ್ತು. ದೇವರೇ, ಹೆಮ್ಮೆ! "ಕೀಲಿ ಎಲ್ಲರೂ ಮುಂದಿನ ಚಕ್ರದ ಮೇಲೇ ಇಟ್ಟಿರ್ತಾರಲ್ಲ. ಒಂದೊಂದಾಗಿ ಐದೈದು ನಿಮಿಷ. ನಿನ್ನ ಕಾರಲ್ಲಿ ಸೀಟು ಬಿಸಿಯಾಗುತ್ತೆ, ರೇಡಿಯೊ ಚೆನ್ನಾಗಿದೆ. ಅದ್ರಲ್ಲೇ ಕೂತು ಬ್ರೆಡ್ಡು ತಿಂದು, ಕಾಫಿ ಕುಡಿದು, ಒಂದೆರಡು ಹಾಡು ಕೇಳಿ..."

"ಎಂಜಿನ್ ಓಡ್ತಾ?"

"ಐದು ನಿಮಿಷ ಓಡ್ತಾ. ಆಮೇಲೆ ಆರಿಸಿ. ಪೆಟ್ರೋಲು ಸುಮ್ನೆ ಯಾಕೆ ಸುಡೋದು?"

ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಸ್ಟಾರ್ಟ್ ಮಾಡುವುದಕ್ಕೇ ಬ್ಯಾಟರಿಯ ಅರ್ಧ ಪ್ರಾಣ ಹೋಗುತ್ತದೆ, ಅದನ್ನು ತುಂಬಲು ದೂರದ ದಾರಿ ಓಡಬೇಕು, ಐದು ನಿಮಿಷ ಗುರ್ ಎನ್ನಿಸಿ ಆರಿಸಿದರೆ ಕೊಟ್ಟಿದ್ದಕ್ಕಿಂತ ಕಿತ್ತುಕೊಂಡಿದ್ದೇ ಹೆಚ್ಚು. ಅದರ ಮೇಲೆ ಸೀಟು ಬೇರೆ ಬಿಸಿ ಮಾಡಿಕೊಂಡಿದ್ದಾನೆ, ರಾಜಕುಮಾರ! ಇದನ್ನೆಲ್ಲ ಐಲಿವ್ ನನಗೆ ಹೇಳಿದ್ದ. ನಾನು ಒಡ್ವಾರನಿಗೆ ಹೇಳಿರಲಿಲ್ಲ. ಯಾರಾದರೂ ಹೀಗೂ ಮಾಡುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಹೋದ ವಾರ ಸ್ವಲ್ಪ ಗೊಣಗಿಕೊಂಡೇ ಎದ್ದಿತ್ತು," ಎಂದ ಮೆಲ್ಲಗೆ. "ಚಳಿಗೆ ಇರ್ಬೇಕು ಅನ್ಕೊಂಡೆ."

"ಬೇರೆಯವರ ಕಾರು ತಾ. ನಡಿ, ನಡಿ!"

ಚಕ್ರಗಳ ಮೇಲಿಂದ ಕೀಲಿ ತೆಗೆದು ಒಂದೊಂದನ್ನೇ ತಿರುಗಿಸುತ್ತ ಹೋದೆವು. ಪಾದ್ರಿಯವರ ಕಾರು ಟಕ್. ಶಾಲೆಯವರ ವ್ಯಾನು ಟಕ್ಕೂ ಇಲ್ಲ. ಒಡ್ವಾರನ ಸ್ವಂತ ಕಾರು ಒಮ್ಮೆ ನರಳಿ ಸುಮ್ಮನಾಯಿತು. ಇಡೀ ಸಾಲನ್ನು ಅವನು ಪ್ರೀತಿಯಿಂದ ಕೊಂದಿದ್ದ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಂದು ಹಿಮದ ಮೇಲೆ ನಿಂತು ಕಾಲು ಅಪ್ಪಳಿಸಿ ಅತ್ತೆ.

ನಾನು ಅತ್ತದ್ದನ್ನು ಒಡ್ವಾರ್ ಎಂದೂ ನೋಡಿರಲಿಲ್ಲ, ನನ್ನ ಗಂಡ ಸತ್ತಾಗಲೂ. ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಐಲಿವ್‌ನ ಕರೆತರೋಕಾ?" ಎಂದ. ನಾನು ಅವನಿಗೆ ಪಟ್ಟಣದಲ್ಲಿ ಸಾಮಾನು ತರುವುದಿದೆ ಎಂದಷ್ಟೇ ಹೇಳಿದ್ದೆ. ಊರಿಗೆಲ್ಲ ಯಾಕೆ ಹೇಳಬೇಕು?

"ಹೂಂ. ಬಸ್ಸು ಹತ್ತಿದ್ರೆ ಅಂಗಡಿ ಎದುರಿಗೇ ಇಳೀತಾನೆ."

ಅವನು ದೋಣಿಗೆ ಇಳಿದ. ಸೊಂಟ ಬಗ್ಗದವನು, ದೋಣಿಯ ಬ್ಯಾಟರಿಯನ್ನು ಬಿಚ್ಚಿ, ಕೂಸಿನ ಹಾಗೆ ಎದೆಗವಚಿಕೊಂಡು, ಹೆಪ್ಪುಗಟ್ಟಿದ ಇಳಿಜಾರನ್ನು ಮೊಣಕಾಲೂರಿ ಹತ್ತಿ ಬಂದ. ಅದರಿಂದ ಕಾರಿನ ಬ್ಯಾಟರಿಗೆ ತಂತಿಗಳನ್ನು ಕಚ್ಚಿಸಿದ. "ಈಗ ತಿರುಗಿಸು."

ಕೆಂಪು ಕಾರು ಕೆಮ್ಮಿತು, ನಡುಗಿತು, ಎದ್ದಿತು.

"ಕಾಲು ತೆಗೀಬೇಡ! ತೆಗೆದ್ರೆ ಸಾಯುತ್ತೆ!"

ನಿಂತಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಯುವುದು ಆ ಕಾರಿನ ಹಳೇ ಚಾಳಿ. ಬ್ಯಾಟರಿ ಚೆನ್ನಾಗಿದ್ದಾಗ ಮತ್ತೆ ಎಬ್ಬಿಸುತ್ತಿದ್ದೆ. ಇಂದು ಸತ್ತರೆ ಸತ್ತಂತೆಯೇ.

"ನೀವು ಬರೋವರೆಗೆ ಇಲ್ಲೇ ಇರ್ತೀನಿ," ಎಂದು ಒಡ್ವಾರ್ ಕೂಗಿದ. "ಕಾಫಿ..." ಎಂದವನು ನನ್ನ ಮುಖ ನೋಡಿ ನಿಲ್ಲಿಸಿದ. ಯಂತ್ರದ ತಂತಿ ಕೀಳಲು ದೋಣಿಮನೆಯ ಕಡೆ ಓಡಿದ.

ಹತ್ತಿರದ ದಾರಿ ಫೆರಿಯದು, ಕಾರುಗಳನ್ನೂ ಹೊತ್ತು ನೀರು ದಾಟಿಸುವ ಹಡಗಿನದು. ಫೆರಿಯ ಬಾಯಿಯವರೆಗೂ ಹೋದೆ. ಹಳದಿ ಜಾಕೆಟ್ಟಿನ ಹುಡುಗಿ ಕೈಬೀಸಿ ಕರೆದಳು, ಎಂದಿನಂತೆ ಕೀಲಿ ತಿರುಗಿಸುವ ಸನ್ನೆ ಮಾಡಿದಳು: ಒಳಗೆ ಬಂದು ಎಂಜಿನ್ ಆರಿಸಿ. ಫೆರಿಯಲ್ಲಿ ಎಂಜಿನ್ ಓಡಿಸುವ ಹಾಗಿಲ್ಲ. ಹೆಸರು ಬರೆಯಲು ಬಾರದವನಿಗೂ ಈ ನಿಯಮ ಗೊತ್ತು. ನನಗೆ ಮಾತ್ರ ಆ ಕ್ಷಣದವರೆಗೆ ನೆನಪಿಗೆ ಬಂದಿರಲಿಲ್ಲ. ಆರಿಸಿದರೆ ಆಚೆ ದಡದಲ್ಲಿ ಏಳುವುದಿಲ್ಲ.

"ಬರ್ತೀರೋ ಇಲ್ವೋ?" ಎಂದಳು.

"ಇಲ್ಲ!" ಎಂದು ಅವಳ ಮೇಲೆಯೇ ಸಿಟ್ಟು ತೋರಿಸಿ ಹಿಂದೆ ತಿರುಗಿಸಿದೆ. ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ತೋಳನ್ನು, ನಮ್ಮ ಫ್ಯೋರ್ಡನ್ನು, ಸುತ್ತಿ ಹೋಗುವ ಹಳೇ ದಾರಿ ಹಿಡಿದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಪ್ಪು ನೀರು, ತಿರುವಿನ ಮೇಲೆ ತಿರುವು. ಬಿಸಿಗಾಳಿ ಹಾಕಿದರೆ ಬ್ಯಾಟರಿ ತಿನ್ನುತ್ತದೆಂದು ಹಾಕಲಿಲ್ಲ. ಗಾಜು ಮಂಜಾದರೆ ಅಂಗೈಯಲ್ಲಿ ಒರೆಸಿಕೊಂಡೆ. ಮುಂದೆ ಹಾಲಿನ ಲಾರಿಯೊಂದು ತೆವಳುತ್ತಿತ್ತು. ಅದರ ಚಾಲಕನಿಗೂ, ಒಡ್ವಾರನಿಗೂ, ಕಾಫಿ ಕಂಡುಹಿಡಿದವನಿಗೂ ಸೇರಿಸಿ ಶಾಪ ಹಾಕಿದೆ. ಐಲಿವ್‌ಗೆ ಫೋನ್ ಮಾಡೋಣವೆಂದರೆ ಅವನ ಫೋನು ಎಂದೂ ಆನ್ ಇರುವುದಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಅವನಿರಲಿಲ್ಲ. ಹೆಂಗಸೊಬ್ಬಳು ಹಿಮ ಬಾಚುತ್ತಿದ್ದಳು. ಕಾಲು ತೆಗೆಯದೆ ಕಿಟಕಿ ಇಳಿಸಿ ಕೂಗಿದೆ.

"ಐಲಿವ್! ಹಸಿರು ಕೋಟು!"

"ಬೆಳಿಗ್ಗೆಯಿಂದ ಇಲ್ಲೇ ನಿಂತಿದ್ದ. ಒಳಗೆ ಬಾ, ಚಳಿ ಅಂದ್ರೂ ಬರ್ಲಿಲ್ಲ. ಅಕ್ಕ ಬರ್ತಾಳೆ ಅಂತಿದ್ದ. ಮೊದಲ ಬಸ್ಸು ಬಂತು, ಹತ್ತಲಿಲ್ಲ. ಎರಡನೇದು ಬಂತು, ಹತ್ತಿಬಿಟ್ಟ." ಅವಳು ಸಲಿಕೆ ಊರಿ ನನ್ನನ್ನು ದಿಟ್ಟಿಸಿದಳು. "ನೀವೇನಾ ಅಕ್ಕ?"

ನಾನು ಕಾರನ್ನು ಪಟ್ಟಣದ ಕಡೆ ತಿರುಗಿಸಿದೆ. ಮೊದಲ ಬಸ್ಸನ್ನು ಅವನು ನನಗಾಗಿ ಬಿಟ್ಟಿದ್ದ.

ಪಟ್ಟಣಕ್ಕೆ ಬಂದಾಗ ಎರಡೂವರೆ ದಾಟಿತ್ತು. ಬಸ್ ನಿಲ್ದಾಣದ ಬೆಂಚು ಖಾಲಿ. ಅದರ ಮೇಲೆ ಐಲಿವ್‌ನ ನೀಲಿ ಚೀಲ ಮಾತ್ರ ಕೂತಿತ್ತು, ಈಗ ಬರುತ್ತೇನೆ ಎಂದು ಹೇಳಿ ಹೋದವರ ಚೀಲದಂತೆ. ಎದುರಿನ ಅಂಗಡಿಯಲ್ಲಿ ಶನಿವಾರದ ನೂಕುನುಗ್ಗಲು. ದೊಡ್ಡ ಗಾಜಿನ ಹಿಂದೆ ಹಣ ಕೊಡುವ ಸಾಲು ಉದ್ದಕ್ಕೆ ಕಾಣುತ್ತಿತ್ತು. ಆ ಸಾಲಿನಲ್ಲಿ ಹಸಿರು ಕೋಟು. ಕೋಟಿನ ತೋಳತೆಕ್ಕೆಯಲ್ಲಿ ಬಾಟಲಿ.

ಕಾರನ್ನು ಬಸ್ಸು ನಿಲ್ಲುವ ಜಾಗಕ್ಕೇ ನುಗ್ಗಿಸಿದೆ. ಕಾಲು ಆಕ್ಸಿಲರೇಟರಿನ ಮೇಲೆ. ಇಳಿದು ಓಡಲೇ? ಇಳಿದರೆ ಕಾರು ಸಾಯುತ್ತದೆ. ಅವನನ್ನು ರಟ್ಟೆ ಹಿಡಿದು ಹೊರಗೆಳೆದರೂ ಕೂರಿಸುವುದೆಲ್ಲಿ? ಅದೇ ಬೆಂಚಿನ ಮೇಲೆ, ಅದೇ ಅಂಗಡಿಯ ಎದುರು, ನಮ್ಮ ಕಡೆಯ ಸಂಜೆ ಬಸ್ಸಿನವರೆಗೆ. ಇಳಿಯದಿದ್ದರೆ? ಅವನ ಮುಂದೆ ಇಬ್ಬರೇ ಇದ್ದರು.

"ಐಲಿವ್!" ಎಂದು ಕೂಗಿದೆ. ಗಾಜಿನಾಚೆಗೆ ಎಲ್ಲಿ ಕೇಳಬೇಕು?

ನಮ್ಮ ಕಡೆ ಯಾರೂ ಹಾರನ್ ಒತ್ತುವುದಿಲ್ಲ. ಒತ್ತಿದರೆ ರಸ್ತೆಗೆ ಜಿಂಕೆ ಅಡ್ಡ ಬಂದಿರಬೇಕು. ಮನುಷ್ಯರಿಗೆ ಒತ್ತುವುದೆಂದರೆ ಬೀದಿಯಲ್ಲಿ ನಿಂತು ಅವರ ಅಮ್ಮನನ್ನು ಬೈದಂತೆ. ಆ ಕಾರು ಕೊಂಡ ಮೇಲೆ ಅದರ ಹಾರನ್ ಹೇಗೆ ಕೂಗುತ್ತದೆಂದೇ ನಾನು ಕೇಳಿರಲಿಲ್ಲ.

ಎರಡೂ ಅಂಗೈ ಊರಿ ಒತ್ತಿದೆ.

ಹಂದಿ ಕೊಯ್ದಂಥ ಸದ್ದು. ಬೀದಿಯಲ್ಲಿದ್ದವರೆಲ್ಲ ನಿಂತರು. ಮಗುವಿನ ಗಾಡಿ ತಳ್ಳುತ್ತಿದ್ದವಳು ಕಿವಿ ಮುಚ್ಚಿಕೊಂಡಳು. ನನ್ನ ಮುಖಕ್ಕೆ ಬೆಂಕಿ ಹತ್ತಿದಂತಾಯಿತು, ಕೈ ತೆಗೆಯಲಿಲ್ಲ. ಗಾಜಿನೊಳಗೆ ಸಾಲಿನವರೆಲ್ಲ ಒಬ್ಬೊಬ್ಬರಾಗಿ ತಿರುಗಿದರು. ಕೊನೆಗೆ ಹಸಿರು ಕೋಟೂ ತಿರುಗಿತು. ಅವನು ಕೆಂಪು ಕಾರನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಮುಂದಕ್ಕೆ ತಿರುಗಿಕೊಂಡ. ಅವನ ಮುಂದೆ ಈಗ ಒಬ್ಬಳೇ ಮುದುಕಿ.

ನಾನು ಇಡೀ ಮೈಯನ್ನೇ ಹಾರನ್ನಿನ ಮೇಲೆ ಹಾಕಿದೆ. ಹಿಂದೆ ಬಸ್ಸು ಬಂದು ನಿಂತು ದೀಪ ಮಿಟುಕಿಸಿತು. ಯಾರೋ ಕಿಟಕಿ ಬಡಿದು, "ಅಮ್ಮಾ, ಹುಷಾರಿದೀರಾ?" ಎಂದರು. "ಇಲ್ಲ!" ಎಂದು ಕಿರುಚಿದೆ. ನನ್ನ ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು, ಗಾಜಿನಾಚೆ ಹಸಿರು ಮಸುಕಾಯಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಅಂಗಡಿಯ ಬಾಗಿಲು ತೆರೆಯಿತು. ಐಲಿವ್ ತಲೆ ತಗ್ಗಿಸಿ ಬೀದಿ ದಾಟಿ ಓಡಿ ಬಂದ. ಬೆಂಚಿನ ಮೇಲಿನ ಚೀಲ ಬಾಚಿಕೊಂಡು ಕಾರಿನ ಬಾಗಿಲು ಎಳೆದ.

"ನಿಲ್ಸೇ! ಊರೆಲ್ಲಾ ನೋಡ್ತಿದೆ! ತಲೆ ಕೆಟ್ಟಿದೆಯಾ ನಿಂಗೆ?"

"ಕೂತ್ಕೋ!"

"ಎಂಜಿನ್ ಆರ್ಸು, ಒಂದ್ನಿಮಿಷ ಮಾತಾಡ್ಬೇಕು."

"ಆರ್ಸಕ್ಕಾಗಲ್ಲ, ಕೂತ್ಕೋ ಅಂದ್ರೆ!"

ಅವನು ಕೂತ. ಕೈ ಖಾಲಿಯಿತ್ತು. ಬಾಗಿಲು ಮುಚ್ಚುವ ಮೊದಲೇ ನಾನು ಹೊರಟಿದ್ದೆ.

ಪಟ್ಟಣ ಹಿಂದೆ ಬಿದ್ದಿತು. ಆಮೇಲೆ ಅವನು ತಲೆ ವಾರೆ ಮಾಡಿ ಎಂಜಿನ್ ಸದ್ದಿಗೆ ಕಿವಿಗೊಟ್ಟ, ಡ್ಯಾಶ್‌ಬೋರ್ಡಿನ ಮಂಕು ಗಡಿಯಾರ ಮಿಟುಕುತ್ತಿರುವುದನ್ನು ನೋಡಿದ.

"ನನ್ನ ಚಾರ್ಜರ್ ಏನು ಮಾಡ್ದೆ?"

"ಒಡ್ವಾರ್ ಕಾಫಿ ಮಾಡ್ಕೊಂಡ."

ಎಲ್ಲವನ್ನೂ ಹೇಳಿದೆ. ಐದೈದು ನಿಮಿಷ, ಪಾದ್ರಿಯವರ ಕಾರು, ಬಿಸಿ ಸೀಟು. ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದುಕೊಂಡೆ, ನಗುತ್ತಿದ್ದ. ನಗುತ್ತಲೇ ಮುಖ ಉಜ್ಜಿಕೊಂಡ.

"ನಾನು ಕುಡಿಯೋಕೆ ಶುರುಮಾಡಿದ ಮೇಲೆ ಊರಿನವರು ನನ್ನ ನೋಡ್ಕೊಂಡಿದ್ದೂ ಹಾಗೇ ಅಲ್ವಾ," ಎಂದ. "ಬಾಗಿಲಲ್ಲೇ ನಿಂತು ಐದು ನಿಮಿಷ. ಹೇಗಿದೀಯ, ಚೆನ್ನಾಗಿದೀಯ, ಬರ್ತೀನಿ. ಪಾಪ, ಒಳ್ಳೇವ್ರೇ ಎಲ್ಲಾ."

ಫೆರಿಯ ಕವಲು ಬಂತು.

"ಫೆರಿ ಬೇಡ," ಎಂದ. "ಸುತ್ತು ದಾರಿಲಿ ಹೋಗು. ಬ್ಯಾಟರಿನೂ ತುಂಬ್ಕೊಳ್ಳಲಿ."

ಸುತ್ತು ದಾರಿಯಲ್ಲೇ ಹೋದೆ. ನಾನು ಕಟ್ಟಿಕೊಂಡು ಬಂದಿದ್ದ ಕಂದು ಚೀಸಿನ ಬ್ರೆಡ್ಡನ್ನು ಅವನು ಬಿಚ್ಚಿ, ಒಂದು ತುಂಡು ನನ್ನ ಬಾಯಿಗಿಟ್ಟ, ಒಂದು ತಾನು ತಿಂದ. ಆಸ್ಪತ್ರೆಯ ಊಟದ ಬಗ್ಗೆ ಹೇಳಿದ, ಪಕ್ಕದ ಕೋಣೆಯವನ ಗೊರಕೆಯ ಬಗ್ಗೆ ಹೇಳಿದ. ಎಲ್ಲೋ ಒಂದು ತಿರುವಿನಲ್ಲಿ ಮೂರು ಗಂಟೆ ಆಗಿಹೋಯಿತು. ಅವನ ಕೈಗಡಿಯಾರವನ್ನು ಇಬ್ಬರೂ ನೋಡಿದೆವು.

ಕಟ್ಟೆಗೆ ಬಂದಾಗ ಮಬ್ಬುಗತ್ತಲು. ನೀರಿನಾಚೆ ನಮ್ಮ ದ್ವೀಪದ ಇಗರ್ಜಿಯಲ್ಲಿ ನಾಳಿನ ಭಾನುವಾರಕ್ಕೆ ಗಂಟೆ ಬಾರಿಸುತ್ತಿದ್ದರು. ದೋಣಿಮನೆಯ ಬಾಗಿಲಲ್ಲಿ ಒಡ್ವಾರ್ ನಿಂತಿದ್ದ, ನನ್ನ ಚಾರ್ಜರಿನ ತಂತಿಯನ್ನು ಕೈಯಲ್ಲಿ ಹಿಡಿದು. ಹತ್ತಿರ ಬರಲು ಧೈರ್ಯವಿರಲಿಲ್ಲ ಅವನಿಗೆ.

"ಆರ್ಸು," ಎಂದ ಐಲಿವ್.

"ಹೆದ್ರಿಕೆ ಕಣೋ."

"ಆರ್ಸು."

ಆರಿಸಿದೆ. ಇಡೀ ದಿನ ಕಿವಿ ತುಂಬಿದ್ದ ಸದ್ದು ನಿಂತಿತು. ಬಲಗಾಲು ಎತ್ತಿ ಚಾಚಿದೆ.

"ನಿನ್ನ ಹತ್ರ ಸುಳ್ಳು ಹೇಳಲ್ಲ ಅಕ್ಕಾ. ಹಣ ಕೈಯಲ್ಲಿ ಹಿಡ್ಕೊಂಡೇ ನಿಂತಿದ್ದೆ. ಬುದ್ಧಿ ಬಂದು ಹೊರಗೆ ಬರ್ಲಿಲ್ಲ. ನಾಚಿಕೆಯಾಯ್ತು, ಅದಕ್ಕೆ ಬಂದೆ."

"ಬಂದ್ಯಲ್ಲ."

"ಸೋಮವಾರ ಮತ್ತೆ ತೆಗೀತಾರೆ."

ಮೂರು ಗಂಟೆಯ ಆಚೆಗೆ ನಾನು ಯೋಚಿಸಿಯೇ ಇರಲಿಲ್ಲ.

"ಈಗ ಸ್ಟಾರ್ಟ್ ಮಾಡು, ನೋಡೋಣ," ಎಂದ.

ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಎದ್ದಿತು. ಐಲಿವ್ ಕಿವಿಗೊಟ್ಟು ಕೇಳಿ, ಮುಖ ಸಿಂಡರಿಸಿದ.

"ಎದ್ದಿದೆ. ಆದ್ರೆ ಇಷ್ಟಕ್ಕೇ ನಂಬೋ ಹಾಗಿಲ್ಲ, ತುಂಬಾ ಸೊರಗಿದೆ. ಸೋಮವಾರ ಇನ್ನೊಂದು ಸಲ ದೂರ ಓಡಿಸ್ಬೇಕು. ಮಂಗಳವಾರಾನೂ. ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಹೊರಟ್ರೆ, ಮುಚ್ಚೋ ಹೊತ್ತಿಗೆ ವಾಪಸ್ ಬರ್ಬಹುದು." ಅವನು ನನ್ನ ಕಡೆ ನೋಡಲಿಲ್ಲ. "ನಿಂಗೆ ಪುರುಸೊತ್ತಿದ್ರೆ."

"ಬ್ರೆಡ್ಡು ಜಾಸ್ತಿ ಕಟ್ಕೊಂಡು ಬರ್ತೀನಿ," ಎಂದೆ.